ಕನ್ನಡ ಫಾರಂ ಉಂಟಾ?

ಮಾರಾಯ, ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು. ‘ಕಾಸರಗೋಡಿನಲ್ಲಿದ್ದೀಯ, ಮಲಯಾಳ ಸಲೀಸಾಗಿ ಬರುತ್ತದೆ, ಆದರೂ ಒಂದು ಫಾರಂಗೆ ಇಷ್ಟು ರಂಪ ಯಾಕೆ?’ ಬೆಂಗಳೂರಲ್ಲಿ ಕೂತು ಕೇಳುವುದು ಸುಲಭ ಅಲ್ವಾ.

ನಮ್ಮಲ್ಲಿ ಭಾಷೆಗೆ ಬರ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ. ಕೊಂಕಣಿ, ಮರಾಠಿಯವರೂ ಇದ್ದಾರೆ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಬರೆಯಿತು. ಬರೆದದ್ದು ಬರೆದಲ್ಲೇ ಉಳಿಯಿತು.

ನಿತ್ಯದ ತಲೆಬಿಸಿ ಅದಲ್ಲ, ಅರ್ಜಿಯದ್ದು. ಕಚೇರಿಗೆ ಹೋಗಿ ‘ಕನ್ನಡ ಫಾರಂ ಉಂಟಾ?’ ಎಂದು ಕೇಳಬೇಕು. ‘ಮುಗಿದಿದೆ’ ಎನ್ನುತ್ತಾರೆ. ಯಾವಾಗ ಬರುತ್ತದೆ ಎಂದರೆ, ‘ಯಾರೂ ಕೇಳುವುದಿಲ್ಲ, ಹಾಗಾಗಿ ತರಿಸುವುದಿಲ್ಲ.’ ಮುಗಿಯಬೇಕಾದರೆ ಯಾರೋ ಕೇಳಿರಬೇಕಲ್ಲ ಮಾರಾಯ! ಅಷ್ಟರಲ್ಲಿ ಸಾಲಿನಲ್ಲಿ ನಿಂತವರ ಗೊಣಗಾಟ ಶುರು.

ಕಳೆದ ಮಳೆಗಾಲದಲ್ಲಿ ನನಗೂ ಸಾಕಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು. ಸುಮ್ನೆ ಮಲಯಾಳ ಫಾರಂ ತುಂಬಿ ಕೊಟ್ಟೆ. ಐದು ನಿಮಿಷದ ಕೆಲಸ. ನನ್ನ ಹಿಂದೆ ಒಬ್ಬರು ಅಜ್ಜಿ ಇದ್ದರು. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಮಲಯಾಳ ಮಾತಾಡುತ್ತಾರೆ, ಅಕ್ಷರ ಗೊತ್ತಿಲ್ಲ. ಅವರು ಕನ್ನಡ ಫಾರಂ ಕೇಳಿದರು. ಒಳಗಿನವರು ನನ್ನ ಕಡೆ ಕೈ ತೋರಿಸಿ, ‘ಇವರೂ ಕನ್ನಡದವರೇ, ಈಗ ಮಲಯಾಳದಲ್ಲಿ ತುಂಬಿ ಕೊಟ್ಟಿಲ್ಲವಾ?’ ಎಂದರು. ಅಜ್ಜಿ ನನ್ನ ಮುಖ ನೋಡಿದರು. ಕೊನೆಗೆ ಯಾರೋ ತುಂಬಿಸಿಕೊಟ್ಟ, ತಮಗೆ ಓದಲಾಗದ ಕಾಗದಕ್ಕೆ ಕನ್ನಡದಲ್ಲಿ ರುಜು ಹಾಕಿದರು.

ನನ್ನದನ್ನು ಮಾತ್ರ ಬಿಟ್ಟುಕೊಟ್ಟೆ ಅಂದುಕೊಂಡಿದ್ದೆ. ಅವರದ್ದನ್ನೂ ಸೇರಿಸಿ ಕೊಟ್ಟು ಬಂದಿದ್ದೆ.

ಸಂವಿಧಾನದ 350ನೇ ವಿಧಿ ಓದಿದ್ದೀಯಾ? ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಬರೆದು ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಇಷ್ಟು ಜನ ಇರಬೇಕು ಎಂಬ ಲೆಕ್ಕ ಅದರಲ್ಲಿ ಇಲ್ಲ. ಅಜ್ಜಿ ಒಬ್ಬರೇ ಸಾಕು.

ಇನ್ನೊಂದು, ನಿನಗೆ ಬೇಸರವಾದರೂ ಹೇಳುತ್ತೇನೆ. ಬೆಳಗಾವಿಯಲ್ಲಿ ಮರಾಠಿಯಲ್ಲಿ ಅರ್ಜಿ ಕೊಡುವವನಿಗೆ ‘ಮೊದಲು ಕನ್ನಡ ಕಲಿ’ ಎಂದು ಗದರಿಸಬೇಕು ಅಂದಿದ್ದೆಯಲ್ಲ? ನಾನು ಇಲ್ಲಿ ತೋರಿಸುವುದೂ ಅದೇ 350. ಅಲ್ಲಿ ಅವನಿಗೆ ಇಲ್ಲ ಎಂದರೆ ಇಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ? ಕನ್ನಡದ ಅಭಿಮಾನ ನನಗೇನೂ ಕಡಿಮೆ ಇಲ್ಲ. ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಕಡೆಯವರೇ, ನೆನಪಿರಲಿ.

ಸೋಮವಾರ ಪುನಃ ಹೋಗಲಿಕ್ಕುಂಟು. ಈ ಸಲ ನಾಲ್ಕು ಖಾಲಿ ಹಾಳೆ ಹಿಡಿದುಕೊಂಡು ಹೋಗುತ್ತೇನೆ. ಫಾರಂ ಮುಗಿದಿದ್ದರೆ ಅಲ್ಲೇ ಕೂತು ಕನ್ನಡದಲ್ಲಿ ಬರೆದು ಕೊಡುವುದು. ನನಗೆ ಒಂದೇ ಹಾಳೆ ಸಾಕು. ಉಳಿದದ್ದು ಹಿಂದೆ ನಿಂತವರಿಗೆ.