ಗೈಡ್ ಯಾರಾಗ್ಬೇಕು? ಒಂದು ಎಂಎಸ್ಸಿ ನರ್ಸಿಂಗ್ ಕೇಸು

ಗುರುತು ಸಿಗ್ದಿರ್ಲಿ ಅಂತ ಕೆಲವು ವಿವರ ಬದಲಾಯಿಸಿದೀನಿ. ಹುಡುಗಿ ಪಾಂಡವಪುರದ ಕಡೆಯವಳು, ಮೈಸೂರಲ್ಲಿ ಎಂಎಸ್ಸಿ ನರ್ಸಿಂಗ್ ಮೊದಲ ವರ್ಷ, ಕಮ್ಯುನಿಟಿ ಹೆಲ್ತ್. ನಿದ್ದೆ ಬರಲ್ಲ, ಊಟ ಸೇರಲ್ಲ ಅಂತ ರೂಮ್‌ಮೇಟು ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಿದ್ಲು. ಮನೇಲಿ ಮದುವೆ ವಿಷ್ಯ ಇರ್ಬೇಕು ಅಂದ್ಕೊಂಡ್ರೆ ಇವಳದು ಥೀಸಿಸ್ ಗೈಡ್ (ಥೀಸಿಸ್ ಮಾಡೋಕೆ ದಾರಿ ತೋರ್ಸೋ ಪ್ರೊಫೆಸರ್) ವಿಷ್ಯ, ಯಾರು ಬೇಕು ಅಂತ ಅದೇ ವಾರ ಪ್ರಿಫರೆನ್ಸ್ ಬರ್ದು ಕೊಡ್ಬೇಕಂತೆ.

ಹೈಸ್ಕೂಲ್ ಹೆಣ್ಮಕ್ಕಳಿಗೆ ರಕ್ತಹೀನತೆ ಬರ್ದಿರ್ಲಿ ಅಂತ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, 60 ಮಿಲಿಗ್ರಾಂ ಕಬ್ಬಿಣದ್ದು, ಅದನ್ನ ಟೀಚರ್ ಮುಂದೆ ಬಾಯಿಗೆ ಹಾಕ್ಕೊಂಡು ಆಮೇಲೆ ಕಾಂಪೌಂಡ್ ಹತ್ರ ಉಗಿದು ಬರೋರು ಇದಾರೆ. "ನಾನೂ ಉಗಿದಿದೀನಿ ಸರ್, ಖಾಲಿ ಹೊಟ್ಟೇಲಿ ತಗೊಂಡ್ರೆ ಹೊಟ್ಟೆ ತೊಳ್ಸುತ್ತೆ, ಕಕ್ಕಸು ಕಪ್ಪಗೆ ಹೋಗುತ್ತೆ, ಅದನ್ನ ಯಾರೂ ಮೊದ್ಲೇ ಹೇಳಲ್ಲ" ಅಂದ್ಲು. ಯಾಕೆ ಉಗೀತಾರೆ ಅಂತ ಹುಡುಗೀರ ಜೊತೆ ಕೂತು ಕೇಳ್ಬೇಕು, ಅದೇ ಥೀಸಿಸ್ ಆಗ್ಬೇಕು ಅನ್ನೋದು ಆಸೆ. ನಂಗಂತೂ ಇಷ್ಟ ಆಯ್ತು.

ಆದ್ರೆ ಎಚ್‌ಓಡಿ (ಡಿಪಾರ್ಟ್‌ಮೆಂಟ್ ಮುಖ್ಯಸ್ಥೆ) ಮೇಡಂ "ನನ್ ಹತ್ರಾನೇ ಬಂದ್ಬಿಡು" ಅಂದಿದಾರೆ. ದೊಡ್ಡ ಹೆಸರು. ಅವರ ಕೈಕೆಳಗೆ ಮಾಡೋರೆಲ್ಲ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮೇ, ಪ್ರಿ-ಟೆಸ್ಟು, ಪಾಠ, ಪೋಸ್ಟ್-ಟೆಸ್ಟು, ಅಂಕ ಜಾಸ್ತಿ ಆಯ್ತು, ಮುಗೀತು (ಪಾಠ ಮಾಡಿದ್ಮೇಲೆ ಜಾಸ್ತಿ ಆಗ್ದೆ ಇನ್ನೇನಾಗುತ್ತೆ, ಇರ್ಲಿ ಬಿಡಿ). ಇನ್ನೊಬ್ರು ಅಸೋಸಿಯೇಟ್ ಪ್ರೊಫೆಸರ್ ಮೇಡಂ, ಅಷ್ಟೇನೂ ಹೆಸರಿಲ್ಲ, ಆದ್ರೆ ಶಾಲೆಗಳಲ್ಲಿ ಸ್ಟಡಿ ಮಾಡಿದೋರು.

"ಎಚ್‌ಓಡಿ ಮೇಡಂಗೆ ಬೇಡ ಅಂದ್ರೆ ಇಂಟರ್ನಲ್ಸಲ್ಲಿ ನೋಡ್ಕೋತಾರೆ ಸರ್." ಇಂಟರ್ನಲ್ಸ್ ಅಂದ್ರೆ ಕಾಲೇಜಲ್ಲೇ ಹಾಕೋ ಅಂಕ. ನಿದ್ದೆ ಕೆಡ್ಸಿರೋದು ಇದು, ಟಾಪಿಕ್ಕಲ್ಲ.

ನಾನು ಹೇಳಿದ್ದು: ನೋಡಮ್ಮ, ಮೊದ್ಲು ಇಬ್ಬರ ಹತ್ರಾನೂ ಮಾಡಿರೋ ಸೀನಿಯರ್ಸ್‌ನ ಹಿಡಿ. ಮೇಡಂ ಹೇಗೆ ಅಂತ ಕೇಳ್ಬೇಡ, ಒಳ್ಳೇವ್ರು ಅಂತಾರೆ ಅಷ್ಟೆ. ಡ್ರಾಫ್ಟ್ ಕೊಟ್ರೆ ಎಷ್ಟು ದಿನಕ್ಕೆ ವಾಪಸ್ ಬಂತು, ತಿದ್ದಿದ್ದು ಬರೀ ಸ್ಪೆಲ್ಲಿಂಗಾ ಇಲ್ಲ ಮೆಥಡ್ಡಾ, ತಿದ್ದಿರೋ ಪೇಜೊಂದು ತೋರ್ಸಿ ಅನ್ನು. ರಿಟೈರ್ಮೆಂಟ್ ಯಾವಾಗ ಅಂತಾನೂ ವಿಚಾರ್ಸು, ಯಾಕಂದ್ರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ನಿಯಮದಲ್ಲಿ ರಿಜಿಸ್ಟರ್ ಆದ್ಮೇಲೆ ಗೈಡ್ ಬದ್ಲಾಯಿಸ್ಬೇಕಂದ್ರೆ ಅವರು ಕಾಲೇಜ್ ಬಿಟ್ಟಿರ್ಬೇಕು ಇಲ್ಲ ತೀರ್ಕೊಂಡಿರ್ಬೇಕು, ಅದಕ್ಕೂ ವಿವಿ ಪರ್ಮಿಶನ್ ಬೇಕು, ಮುನಿಸಾಯ್ತು ಅಂತ ಬದ್ಲಾಯಿಸೋಕಾಗಲ್ಲ.

ಇನ್ನೊಂದು, ನೀನು ಮಾತಾಡ್ಸೋದು ಹದಿನೆಂಟರ ಒಳಗಿನ ಮಕ್ಕಳನ್ನ. ಅಪ್ಪ ಅಮ್ಮಂದು ಒಪ್ಪಿಗೆ ಬೇಕು, ಮಗುದ್ದೂ ಬೇಕು, ಎಥಿಕ್ಸ್ ಕಮಿಟಿ ಓಕೆ ಅನ್ನೋವರೆಗೂ ಒಂದು ಪ್ರಶ್ನೆನೂ ಕೇಳೋ ಹಾಗಿಲ್ಲ. ಶಾಲೇಲಿ ಒಂದ್ಸಲ ಓಡಾಡಿದ ಗೈಡ್‌ಗೆ ಇದೆಲ್ಲ ಗೊತ್ತಿರುತ್ತೆ. ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರನ್ನೂ ಡೇಟಾ ತರೋಕೆ ಮುಂಚೇನೇ ನೋಡು. ಸೀನಿಯರ್ ಥೀಸಿಸ್ ನೋಡಿ 384 ಅಂತ ಸ್ಯಾಂಪಲ್ ಸೈಜ್ (ಎಷ್ಟು ಜನರನ್ನ ಕೇಳ್ಬೇಕು ಅನ್ನೋದು) ಇಳಿಸ್ಕೋತಾರಲ್ಲ, ಅದು ಪ್ರಮಾಣ 50 ಪರ್ಸೆಂಟ್, ಎರರ್ 5 ಪರ್ಸೆಂಟ್, ಕಾನ್ಫಿಡೆನ್ಸ್ 95 ಅಂತಿಟ್ಕೊಂಡಾಗ ಬರೋ ಲೆಕ್ಕ, ಎಷ್ಟು ಪರ್ಸೆಂಟ್ ಜನ ಅಂತ ಎಣಿಸೋ ಸರ್ವೆಗೆ ಅದು, ಕೂತು ಮಾತಾಡ್ಸೋ ಸ್ಟಡಿಗೆ ಹೊಂದಲ್ಲ.

"ಮೇಡಂನ ಕೋ-ಗೈಡ್ ಅಂತ ಹಾಕಿ ಸಮಾಧಾನ ಮಾಡ್ಲಾ?" ಬೇಡ ಅಂದೆ. ಕೋ-ಗೈಡ್ ಇರೋದು ಬೇರೆ ಡಿಪಾರ್ಟ್‌ಮೆಂಟಿನ ಕೆಲಸ ನಿಜವಾಗ್ಲೂ ಬೇಕಾದಾಗ.

ಬೇಡ ಅನ್ನೋದನ್ನ ಹೇಗೆ ಹೇಳೋದು ಅಂತ ಇಲ್ಲೇ ಪ್ರಾಕ್ಟೀಸ್ ಮಾಡಿಸ್ದೆ, ನಾನೇ ಎಚ್‌ಓಡಿ. ಬಾಯಿ ತೆಗೆದ್ರೆ "ಸಾರಿ ಮೇಡಂ" ಅಂತಾನೇ ಶುರು. ಸಾರಿ ತೆಗೆಸ್ದೆ. ಒಂದು ಪೇಜಲ್ಲಿ ಟಾಪಿಕ್ ಬರ್ಕೊಂಡೋಗು, "ಮೇಡಂ, ನಂಗೆ ಇದನ್ನ ಮಾಡ್ಬೇಕು ಅಂತಿದೆ, ಆ ಮೇಡಂ ಶಾಲೆಗಳಲ್ಲಿ ಕೆಲಸ ಮಾಡಿದಾರೆ, ಅವರ ಹತ್ರ ಕೇಳ್ಕೊಳ್ಳೋಣ ಅಂತಿದೀನಿ, ಮೊದ್ಲು ನಿಮಗೆ ಹೇಳ್ಬೇಕು ಅನ್ನಿಸ್ತು" ಅನ್ನು, ಈ ಸುದ್ದಿ ಬೇರೆಯವರ ಬಾಯಿಂದ ಮಾತ್ರ ಅವರ ಕಿವಿಗೆ ಬೀಳ್ಬಾರ್ದು.

ಹೋದ್ಲು. ಮೇಡಂ ಪೇಜ್ ಓದಿ, "ಆಮೇಲೆ ನನ್ ಹತ್ರ ಅಳ್ತಾ ಬರ್ಬೇಡ" ಅಂದು ಸೈನ್ ಹಾಕಿದ್ರಂತೆ. ಈಗ ನಿದ್ದೆ ಪರವಾಗಿಲ್ಲ. ಇಂಟರ್ನಲ್ಸ್ ಭಯ ಹೋಗಿಲ್ಲ, ಅದ್ರ ಬಗ್ಗೆ ಮುಂದಿನ ಸಿಟ್ಟಿಂಗಲ್ಲಿ ಮಾತಾಡೋದಿದೆ.