ಎಷ್ಟು ವಾರದ ಗಿಳಿಮರಿ ತರಬೇಕು?

ಓದುಗರ ಪತ್ರದ ಸಾರ: ನನ್ನ ಮಗಳಿಗೆ 9 ವರ್ಷ. ಗಿಳಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮರಿ ಮಾರುವವರೊಬ್ಬರು 3 ವಾರದ ಮರಿ ಕೊಡುತ್ತೇನೆ ಅನ್ನುತ್ತಾರೆ. ನಾವೇ ಗುಟುಕು ಕೊಟ್ಟು ಬೆಳೆಸಿದರೆ ಮಾತ್ರ ಗಿಳಿ ಹಚ್ಚಿಕೊಳ್ಳುತ್ತದಂತೆ, ದೊಡ್ಡದನ್ನು ತಂದರೆ ಮಾತೂ ಕಲಿಯುವುದಿಲ್ಲವಂತೆ. ಈ ನಡುವೆ, ಮನೆ ಬದಲಿಸುತ್ತಿರುವ ಸ್ನೇಹಿತರು ತಮ್ಮ 7 ವರ್ಷದ ಆಫ್ರಿಕನ್ ಗ್ರೇ ಗಿಳಿಯನ್ನು ನೀವೇ ಇಟ್ಟುಕೊಳ್ಳಿ ಅಂತಿದ್ದಾರೆ. ಯಾವುದು ಸರಿ?

ಸಂಪಾದಕರ ಉತ್ತರ:

ನಮಸ್ಕಾರ. 3 ವಾರದ ಮರಿ ಬೇಡ. ಪತ್ರದ ಧಾಟಿ ನೋಡಿದರೆ ನೀವು ಆಗಲೇ ಅರ್ಧ ಒಪ್ಪಿದ ಹಾಗಿದೆ. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಅಷ್ಟು ಚಿಕ್ಕ ಮರಿಗೆ ಮೈಯ ಬಿಸಿ ಕಾಪಾಡಿಕೊಳ್ಳುವುದೇ ಕಷ್ಟ. ದಿನಕ್ಕೆ ನಾಲ್ಕೈದು ಸಲ ಗುಟುಕು ಬೇಕು. ಆ ಗುಟುಕಿನ ಬಿಸಿ ಹೆಚ್ಚುಕಡಿಮೆ 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಜಾಸ್ತಿ ಬಿಸಿಯಾದರೆ ಗಂಟಲ ಕೆಳಗೆ ಆಹಾರ ಕೂಡಿಡುವ ಚೀಲ ಒಳಗೇ ಸುಟ್ಟುಹೋಗುತ್ತದೆ. ಆರಿದ್ದನ್ನು ಕೊಟ್ಟರೆ ಚೀಲ ಖಾಲಿಯಾಗದೆ ಅಲ್ಲೇ ಹುಳಿಯುತ್ತದೆ. ಕೊಡುವ ಕ್ರಮಕ್ಕೂ ಕೈ ಪಳಗಿರಬೇಕು. ಕೊಕ್ಕಿನ ಎಡಮೂಲೆಯಲ್ಲಿ ಸಿರಿಂಜ್ ಇಟ್ಟು ತುದಿಯನ್ನು ಬಲಕ್ಕೆ ವಾಲಿಸಬೇಕು. ಮರಿ ತಲೆ ಕುಣಿಸುತ್ತಾ ನುಂಗುವಾಗ ಮಾತ್ರ ಒತ್ತಬೇಕು. ಅದು ನಿಲ್ಲಿಸಿದ ಮೇಲೂ ಒತ್ತಿದಿರೋ, ಗುಟುಕು ಶ್ವಾಸಕೋಶಕ್ಕೆ ಇಳಿಯಬಹುದು. ಆಮೇಲೆ ಮರಿ ಉಳಿಸಿಕೊಳ್ಳುವುದು ವೈದ್ಯರಿಗೂ ಕಷ್ಟ. 9 ವರ್ಷದ ಮಗಳ ಕಣ್ಣೆದುರು ಇದೆಲ್ಲ ಯಾಕೆ ಹೇಳಿ. ಮಾರುವವರಿಗೇನೋ ಲಾಭವೇ. ಗುಟುಕು ಕೊಡುವ ಕೆಲಸವೂ ನಿಮ್ಮದು, ಮರಿ ಸತ್ತರೆ ನಷ್ಟವೂ ನಿಮ್ಮದು.

ಇನ್ನು ಹಚ್ಚಿಕೊಳ್ಳುವ ವಿಷಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಅಮೆಜಾನ್ ಗಿಳಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಮರಿಗಳನ್ನು ತಾಯಿ-ತಂದೆಯ ಗೂಡಲ್ಲೇ ಬಿಟ್ಟು, ಆಗಾಗ ಸ್ವಲ್ಪ ಹೊತ್ತು ಕೈಗೆತ್ತಿಕೊಂಡು ಸವರಿ, ಮತ್ತೆ ಗೂಡಿಗೆ ಇಡುತ್ತಿದ್ದರು. ಅಷ್ಟಕ್ಕೇ ಆ ಮರಿಗಳು ಮನುಷ್ಯರ ಕೈಗೆ ಪಳಗಿದವು. ಮನುಷ್ಯರ ಕೈ ಪರಿಚಯವಾದರೆ ಸಾಕಿತ್ತು, ಗುಟುಕು ಹೆತ್ತವರೇ ಕೊಟ್ಟರೂ ನಡೆಯಿತು. ಹಾಗಾಗಿ ಮಾರುವವರನ್ನು ಕೇಳಬೇಕಾದದ್ದು, ಮರಿಯನ್ನು ದಿನಾ ಯಾರಾದರೂ ಕೈಗೆತ್ತಿಕೊಳ್ಳುತ್ತಾರಾ ಅಂತ.

ಮಾತಿನ ಕಥೆಯೂ ಹಾಗೇ. ಬಣ್ಣ, ಆಕಾರ ಗುರುತಿಸಿ ಹೆಸರು ಹೇಳುತ್ತಿದ್ದ ಗ್ರೇ ಗಿಳಿ ಅಲೆಕ್ಸ್ ಬಗ್ಗೆ ಕೇಳಿರುತ್ತೀರಿ. ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅದನ್ನು ಒಂದು ಅಂಗಡಿಯಿಂದ ತಂದಾಗ ಅದಕ್ಕೆ ಸುಮಾರು 1 ವರ್ಷ ಆಗಿಹೋಗಿತ್ತು. 2007ರಲ್ಲಿ ಸಾಯುವ ತನಕವೂ ಅದರ ಪಾಠ ನಡೆದೇ ಇತ್ತು.

ಹಾಗಾದರೆ ಎಷ್ಟು ವಾರದ್ದು ತರಬೇಕು? ಮರಿ ಗುಟುಕು ಬಿಟ್ಟು ತಾನೇ ತಿನ್ನಲು ಕಲಿತ ಮೇಲೆ, ಇನ್ನೂ ಒಂದೆರಡು ವಾರ ಕಳೆಯಲಿ. ಬಜ್ಜಿಗಳು (ಬಜರಿಗಾರ್ ಅನ್ನುವ ಪುಟ್ಟ ಗಿಳಿಗಳು) ಸುಮಾರು 6 ವಾರಕ್ಕೆ ಗುಟುಕು ಬಿಡುತ್ತವೆ. ತಲೆ ಮೇಲೆ ಜುಟ್ಟಿರುವ ಕಾಕಟೀಲ್ ಗಿಳಿಗೆ 8ರಿಂದ 10 ವಾರ ಬೇಕು. ಗ್ರೇ ಮರಿಗೆ 3–4 ತಿಂಗಳು, ದೊಡ್ಡ ಮಕಾವ್ ಗಿಳಿಗೆ ಇನ್ನೂ ಜಾಸ್ತಿ. ಆದರೆ ಒಂದೇ ಗೂಡಿನ ಎರಡು ಮರಿಗಳೂ ಒಂದೇ ದಿನ ಗುಟುಕು ಬಿಡುವುದಿಲ್ಲ. ಕ್ಯಾಲೆಂಡರಿಗಿಂತ ಮರಿಯನ್ನು ನಂಬಿ. ನೀವು ಹೋಗಿ ಅರ್ಧ ಗಂಟೆ ಕೂತುಕೊಳ್ಳಿ, ಅದು ತಾನಾಗಿ ತಿನ್ನುವುದನ್ನು ಕಣ್ಣಾರೆ ನೋಡಿ. ಕಾಳು ಕೊಕ್ಕಲ್ಲಿ ಹೊರಳಿಸುವುದು, ಸಿಪ್ಪೆ ಬೀಳಿಸುವುದು ಬರೀ ಆಟವಾಗಿರಬಹುದು, ಹೊಟ್ಟೆಗೆ ಹೋಗುತ್ತಿದೆಯಾ ಅನ್ನುವುದು ಮುಖ್ಯ. ಅದಕ್ಕೆ ತೂಕದ ಲೆಕ್ಕ ಕೇಳಿ. ಒಳ್ಳೆಯ ಸಾಕಣೆದಾರರು ದಿನಾ ಬೆಳಿಗ್ಗೆ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಟ್ಟಿರುತ್ತಾರೆ. ಗುಟುಕು ಬಿಟ್ಟ ಮೇಲೂ ತೂಕ ಇಳಿಯದೆ ನಿಂತಿದ್ದರೆ ಮರಿ ಸಿದ್ಧ. ಹೊಸ ಮನೆಗೆ ಬಂದ ಗಾಬರಿಯಲ್ಲಿ ಕೆಲವು ಮರಿಗಳು ಮತ್ತೆ ಗುಟುಕಿಗೆ ಅಳುತ್ತವೆ. ಆಗ ನಾಲ್ಕು ದಿನ ಬೆಚ್ಚಗಿನ ಮೆತ್ತನೆ ಆಹಾರ ಚಮಚದಲ್ಲಿ ಕೊಟ್ಟರೆ ತಪ್ಪಿಲ್ಲ.

ಇನ್ನೊಂದು ಮಾತು. ಮರಿ ಹಾರಲು ಕಲಿಯುವ ಮೊದಲೇ ರೆಕ್ಕೆ ಕತ್ತರಿಸಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಹಾರಿ, ಎಲ್ಲಿ ಇಳಿಯಬೇಕು ಅಂತ ಕಲಿಯದ ಗಿಳಿ ಎಡವುತ್ತದೆ, ಬೀಳುತ್ತದೆ, ಅಂಜುಬುರುಕವಾಗುತ್ತದೆ.

ಈಗ ಸ್ನೇಹಿತರ ಗಿಳಿಗೆ ಬರೋಣ. ನನ್ನನ್ನು ಕೇಳಿದರೆ ನೀವು ಮೊದಲು ನೋಡಬೇಕಾದದ್ದು ಅದನ್ನೇ. ಮರಿ ದೊಡ್ಡದಾದ ಮೇಲೆ ಹೇಗಿರುತ್ತದೋ ಯಾರಿಗೂ ಗೊತ್ತಿಲ್ಲ. ಗ್ರೇ ಗಿಳಿಗೆ ನಾಲ್ಕೈದು ವರ್ಷಕ್ಕೆ ಪ್ರಾಯ ಬರುತ್ತದೆ. ಅಲ್ಲಿಯವರೆಗೆ ಹೆಗಲ ಮೇಲೆ ಮಲಗುತ್ತಿದ್ದದ್ದು ಆಮೇಲೆ ಕಚ್ಚಲು ಶುರು ಮಾಡುವುದೂ ಉಂಟು. ಸ್ನೇಹಿತರ ಗಿಳಿ ಆ ಘಟ್ಟವನ್ನು ಹೆಚ್ಚುಕಡಿಮೆ ದಾಟಿದೆ. ಅದು ಕಿರುಚುತ್ತದಾ, ಪುಕ್ಕ ಕಿತ್ತುಕೊಳ್ಳುತ್ತದಾ, ಮಕ್ಕಳನ್ನು ಕಂಡರೆ ಹೇಗಾಡುತ್ತದೆ, ಎಲ್ಲವನ್ನೂ ಈಗಲೇ ನೋಡಬಹುದು. ಮಗಳನ್ನು ಕರೆದುಕೊಂಡು ಎರಡು-ಮೂರು ಸಲ ಹೋಗಿಬನ್ನಿ. ಗಿಳಿಗಳು ತಮ್ಮ ಮನುಷ್ಯರನ್ನು ತಾವೇ ಆರಿಸಿಕೊಳ್ಳುತ್ತವೆ. ಅದು ಮಗಳ ಬದಲು ನಿಮ್ಮನ್ನು ಆರಿಸಿಕೊಂಡರೆ ಬೇಸರ ಮಾಡಿಕೊಳ್ಳುವ ಹಾಗಿಲ್ಲ! ಗ್ರೇ 40–50 ವರ್ಷ ಬದುಕಬಲ್ಲ ಹಕ್ಕಿ. ಮಗಳು ಓದಲು ಹೊರಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಹೇಗೂ ನೀವೇ ಅಲ್ವಾ? ಅಷ್ಟು ದೀರ್ಘ ಜವಾಬ್ದಾರಿ ಬೇಡ ಅನ್ನಿಸಿದರೆ ಗ್ರೇ ಬಿಡಿ, ಗುಟುಕು ಬಿಟ್ಟ ಬಜ್ಜಿ ತನ್ನಿ. ಹಣೆಯ ಗೆರೆಗಳು ಮೂಗಿನವರೆಗೂ ಇಳಿದಿದ್ದರೆ ಅದು ಇನ್ನೂ ಮರಿ ಅಂತ ಅರ್ಥ. 3–4 ತಿಂಗಳಿಗೆ ಮೊದಲ ಪುಕ್ಕ ಉದುರಿದಾಗ ಆ ಗೆರೆ ಹೋಗುತ್ತದೆ. ಹಳದಿ, ಬಿಳಿ ಬಜ್ಜಿಗಳಲ್ಲಿ ಮಾತ್ರ ಈ ಗುರುತು ಸಿಗುವುದಿಲ್ಲ.

ಗ್ರೇ ತರುವುದಾದರೆ ಕಾಗದಪತ್ರ ಕೇಳಿ ಪಡೆಯಿರಿ. ಕಾಡಿಂದ ಹಿಡಿದು ಹಿಡಿದು ಅವುಗಳ ಸಂಖ್ಯೆ ಕುಸಿದಿದ್ದರಿಂದ, ಕಾಡು ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ದೇಶಗಳು 2016ರಲ್ಲಿ ಅವನ್ನು ಅತಿ ಬಿಗಿ ನಿರ್ಬಂಧದ ಪಟ್ಟಿಗೆ ಸೇರಿಸಿದವು. ನೀವಿರುವ ಕಡೆ ಯಾವ ಗಿಳಿ ಸಾಕಲು ಅನುಮತಿ ಇದೆ ಅನ್ನುವುದನ್ನೂ ಮುಂಚೆಯೇ ವಿಚಾರಿಸಿ. ಹಕ್ಕಿಗಳನ್ನು ನೋಡುವ ವೈದ್ಯರಿಗೆ ಒಮ್ಮೆ ತೋರಿಸಿ, ಗಿಳಿಯಿಂದ ಮನುಷ್ಯರಿಗೆ ಹರಡುವ ಜ್ವರವೂ ಇದೆ. ಅದರ ಹಳೇ ಪಂಜರ, ಹಳೇ ಆಹಾರ ಎರಡನ್ನೂ ಜೊತೆಗೇ ತನ್ನಿ, ಬದಲಾವಣೆ ಎಲ್ಲ ಆಮೇಲೆ. ಮತ್ತೆ, ಮೊದಲ ವಾರ ಪಂಜರದೊಳಗೆ ಕೈ ಹಾಕುವ ಹಾಗಿಲ್ಲ ಅಂತ ಮಗಳಿಗೆ ಈಗಲೇ ಹೇಳಿಡಿ.