ಶಾಲೆಯಲ್ಲಿ ಜಾಣೆ, ಮನೆಯಲ್ಲಿ ರಂಪ: ನನ್ನ ಮಗಳಿಗೆ ಆಟಿಸಂ ಇರಬಹುದೇ?

ಎಂಟು ವರ್ಷದ ಮಗಳು ಶಾಲೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ, ಮನೆಯ ಹೊಸ್ತಿಲು ದಾಟಿದೊಡನೆ ಚೀಲ ಎಸೆದು ಒಂದು ಗಂಟೆ ಅಳುತ್ತಾಳೆ ಎಂದು ಬರೆದಿದ್ದೀರಿ. ಆಟಿಸಂ ಬರುವುದು ಗಂಡುಮಕ್ಕಳಿಗಲ್ಲವೇ ಎಂದೂ ಕೇಳಿದ್ದೀರಿ. ಆಟಿಸಂ ಎಂದರೆ ಇತರರೊಡನೆ ಬೆರೆಯುವ ರೀತಿ, ಸದ್ದು-ವಾಸನೆಗಳ ಅನುಭವ, ಆಸಕ್ತಿಗಳು ಹುಟ್ಟಿನಿಂದಲೇ ಬೇರೆ ಥರ ಇರುವ ಸ್ಥಿತಿ. ನಾನು ವೈದ್ಯೆಯಲ್ಲ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕ ಬರೆಯುವವಳು. ನನಗೆ ಆಟಿಸಂ ಇದೆಯೆಂದು ಗೊತ್ತಾದದ್ದು 36ನೇ ವಯಸ್ಸಿನಲ್ಲಿ.

ಮೂಡಿಗೆರೆ ಕಡೆಯ ನಮ್ಮ ಊರಿನಲ್ಲಿ ನನಗೆ 'ಬಾಯಿಲ್ಲದ ಹುಡುಗಿ' ಎಂಬ ಹೆಸರಿತ್ತು. ಅದು ಹೊಗಳಿಕೆ, ಹೆಣ್ಣು ನೋಡಲು ಬಂದವರ ಮುಂದೆಯೂ ಅಮ್ಮ ಅದನ್ನೇ ಹೇಳಿದ್ದರು. ತಮ್ಮ ಅಷ್ಟೇ ಮೌನಿಯಾಗಿದ್ದರೆ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರೋ ಏನೋ. ಹೂಮಳೆ ಬಿದ್ದು ಕಾಫಿ ಹೂವರಳಿದಾಗ ಊರೆಲ್ಲ ಘಮಕ್ಕೆ ಹಿಗ್ಗಿದರೆ, ನಾನು ವಾಕರಿಕೆ ತಡೆಯಲಾರದೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಟ್ಟ ಹತ್ತುತ್ತಿದ್ದೆ. ಅದಕ್ಕೆ 'ನಾಜೂಕು' ಎಂದರು. ಕೊಟ್ಟಿಗೆಯ ಹಸುಗಳ ವಂಶಾವಳಿಯನ್ನು ನಾಲ್ಕು ತಲೆಮಾರಿನವರೆಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ನನಗೆ ಬೇರೆ ಮಾತೇ ಇರಲಿಲ್ಲ. ಅದಕ್ಕೆ 'ಹಸು ಕಂಡರೆ ಪ್ರಾಣ' ಎಂದರು. ಆಟಿಸಂ ಇರುವ ಹೆಣ್ಣುಮಕ್ಕಳ ಹುಚ್ಚು ಆಸಕ್ತಿ ಅನೇಕ ಸಲ ಹೀಗೆ ಪ್ರಾಣಿ, ಗೊಂಬೆ, ಕಥೆಪುಸ್ತಕಗಳಲ್ಲಿ ಅಡಗಿರುತ್ತದೆ. ಯಾವುದರ ಮೇಲೆ ಎಂದು ನೋಡಿದರೆ ಏನೂ ತೋಚುವುದಿಲ್ಲ, ಎಷ್ಟರಮಟ್ಟಿಗೆ ಎಂದು ನೋಡಬೇಕು.

ಇನ್ನು ನಟನೆ. ಮದುವೆಮನೆಯಲ್ಲಿ ಕೋಸಂಬರಿ ಬಡಿಸುವ ಕೆಲಸವನ್ನು ಕೇಳಿ ಪಡೆಯುತ್ತಿದ್ದೆ. ಕೈಯಲ್ಲಿ ಪಾತ್ರೆಯಿದ್ದರೆ ಯಾರೂ ನಿಲ್ಲಿಸಿ ಮಾತನಾಡಿಸುವುದಿಲ್ಲ. ಚಿಕ್ಕಮ್ಮನ ಮಗಳು ನಗುವ ರೀತಿಯನ್ನು ಕನ್ನಡಿಯ ಮುಂದೆ ಕಲಿತೆ. ಹೆಂಗಸರೊಂದಿಗೆ ಮಾತನಾಡುವಾಗ ಕಣ್ಣಿನ ಬದಲು ಹಣೆಯ ಬೊಟ್ಟನ್ನು ನೋಡುತ್ತಿದ್ದೆ. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಗಂಡಸರೂ ಮಾಡುತ್ತಾರೆ, ಹೆಂಗಸರಲ್ಲಿ ಹೆಚ್ಚು. ನನಗೆ ವರ್ಷಗಟ್ಟಲೆ ಆತಂಕಕ್ಕೆಂದು ಮಾತ್ರೆ ಕೊಟ್ಟರು. 'ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುತ್ತೀರಲ್ಲ, ನಿಮಗೆಲ್ಲಿಯ ಆಟಿಸಂ' ಎಂದು ನಕ್ಕ ವೈದ್ಯೆಯ ಹಣೆಯಲ್ಲಿಯೂ ಬೊಟ್ಟಿತ್ತು.

ಗಂಡುಮಕ್ಕಳದು ಎಂಬ ನಂಬಿಕೆಗೆ ಕಾರಣವಿದೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಎಂದು ವಿವರಿಸಿದ 11 ಮಕ್ಕಳಲ್ಲಿ 8 ಗಂಡು; ಮರುವರ್ಷ ವಿಯೆನ್ನಾದ ವೈದ್ಯ ಹ್ಯಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದ ನಾಲ್ವರೂ ಹುಡುಗರೇ. ಆಟಿಸಂ ಗುರುತಿಸುವ ಅಳತೆಗೋಲುಗಳು ಅಂಥವರನ್ನು ನೋಡಿಯೇ ಬೆಳೆದವು. ಒಬ್ಬ ಹುಡುಗಿಗೆ ನಾಲ್ವರು ಹುಡುಗರು ಎನ್ನುತ್ತಿದ್ದ ಲೆಕ್ಕ, 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಮೂವರ ಹತ್ತಿರಕ್ಕೆ ಬಂತು. (ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ 1920ರ ದಶಕದಲ್ಲಿಯೇ ಹುಡುಗಿಯರ ಬಗ್ಗೆಯೂ ಬರೆದಿದ್ದರು. ಯಾರು ಓದಿದರು?)

ನಿಮ್ಮ ಮಗಳದು ಆಟಿಸಂ ಹೌದೋ ಅಲ್ಲವೋ ನಾನು ಹೇಳಲಾರೆ. ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿರಬಹುದು, ಕಲಿಕೆಯ ತೊಡಕೂ ಇರಬಹುದು. ಆದರೆ ದಿನವಿಡೀ ಅದುಮಿಟ್ಟದ್ದು ಅಮ್ಮನನ್ನು ಕಂಡೊಡನೆ ಕಟ್ಟೆಯೊಡೆಯುವುದು ನನಗೆ ಚೆನ್ನಾಗಿ ಗೊತ್ತು. ಮಕ್ಕಳ ಮನೋವೈದ್ಯರನ್ನು ಕಾಣುವ ಮುನ್ನ ಎರಡು ವಾರ ಬರೆದಿಡಿ: ಯಾವ ಬಟ್ಟೆ, ಯಾವ ಸದ್ದು ಆಗುವುದಿಲ್ಲ, ಯಾರನ್ನು ಅನುಕರಿಸುತ್ತಾಳೆ, ಹೆಚ್ಚು ಅತ್ತ ದಿನ ಶಾಲೆಯಲ್ಲಿ ಏನು ಬದಲಾಗಿತ್ತು. ವೈದ್ಯರ ಕೋಣೆಯಲ್ಲಿ ಅವಳು ಶಾಲೆಯ ಹುಡುಗಿಯಾಗಿಯೇ ಕೂರುತ್ತಾಳೆ; ಮನೆಯ ಹುಡುಗಿ ನಿಮ್ಮ ಪುಸ್ತಕದಲ್ಲಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ.

ಅಲ್ಲಿಯವರೆಗೆ, ಅವಳು ಬಂದೊಡನೆ 'ಇವತ್ತು ಏನು ಹೇಳಿಕೊಟ್ಟರು' ಎಂದು ಕೇಳುವುದನ್ನು ಅರ್ಧ ಗಂಟೆ ಮುಂದೂಡಿ. ನಾನು ಈಗಲೂ ಕೆಲಸದಿಂದ ಬಂದವಳೇ ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ಲೋಟ ಬರಿದಾಗುವವರೆಗೆ, ತವರಿನಿಂದ ಫೋನ್ ಬಂದರೂ, ನನ್ನ ಗಂಡ ಕರೆಯುವುದಿಲ್ಲ.